ಪದಚರ್ಚೆ: 'ಫ್ಲೋಟಿಂಗ್ ಮೆಜರ್‌ಮೆಂಟ್' ಅಂದರೆ 'ತೇಲುವ ಅಳತೆ'ಯೇ?

ನಮಸ್ಕಾರ್ರಿ. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಎಲೆಕ್ಟ್ರಿಷಿಯನ್ನರಿಗಾಗಿ ಒಂದು ಸುರಕ್ಷತಾ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. 'ಫ್ಲೋಟಿಂಗ್ ಮೆಜರ್‌ಮೆಂಟ್' ಬಂದಲ್ಲೆಲ್ಲ ಕರಡಿನಲ್ಲಿ 'ತೇಲುವ ಅಳತೆ' ಎಂದಿದೆ. ಓದಿದವರು 'ರೀಡಿಂಗ್ ನಿಂದ್ರವಲ್ತು' ಅಂತ ತಿಳಿದರೆ ಅವರ ತಪ್ಪಲ್ಲ. ಹೇಳಬೇಕಾದ್ದೇ ಬೇರೆ: ಅಳೆಯುವ ಎರಡು ಬಿಂದುಗಳಲ್ಲಿ ಒಂದೂ ಅರ್ಥಿಂಗ್ ಮಟ್ಟದಲ್ಲಿಲ್ಲ. 415 ವೋಲ್ಟಿನ ಮೂರು ಫೇಸ್ ಡ್ರೈವ್ (ಮೋಟಾರಿನ ವೇಗ ಹೊಂದಿಸುವ ಸಾಧನ) ತಗೊಳ್ಳಿ. ಒಳಗಿನ ಡಿಸಿ ಬಸ್ಸಿನ (ಎಸಿಯಿಂದ ಮಾಡಿದ ಡಿಸಿ ಹರಿಯುವ ವಾಹಕಜೋಡಿಯ) ಪ್ಲಸ್, ಮೈನಸ್ ನಡುವೆ ಸುಮಾರು 585 ವೋಲ್ಟ್. ಮೈನಸ್ ಅಂದರೆ ಸೊನ್ನೆಯಲ್ಲ. ಸಪ್ಲೈ ನ್ಯೂಟ್ರಲ್‌ಗೆ ಅರ್ಥಿಂಗ್ ಇರುವಲ್ಲಿ ಅದು ನೆಲಕ್ಕಿಂತ 170ರಿಂದ 340 ವೋಲ್ಟ್ ಕೆಳಗೆ ಹೊಯ್ದಾಡುತ್ತಿರುತ್ತದೆ. 'ಭೂಸಂಪರ್ಕರಹಿತ ಮಾಪನ' ಅಂದರೆ ಆದೀತೆ?

ಉತ್ತರ:

ಅದಂತೂ ಬೇಡವೇ ಬೇಡ. 'ಭೂಸಂಪರ್ಕ ತೆಗೆದು ಅಳೆಯುವುದು' ಎಂದು ಓದಿಕೊಂಡು ಯಾರಾದರೂ ಆಸಿಲೋಸ್ಕೋಪಿನ (ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣದ) ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥಿಂಗ್ ಪಿನ್ ಕಿತ್ತಾರು. ಮೊದಲೇ ಆ ಕೆಟ್ಟ ರೂಢಿ ಇದೆ, ಪದವೂ ಅದಕ್ಕೆ ಒತ್ತಾಸೆಯಾಗಬಾರದು.

ಮಾಮೂಲಿ ಬೆಂಚ್ ಸ್ಕೋಪಿನಲ್ಲಿ ಪ್ರೋಬಿನ ಅರ್ಥಿಂಗ್ ಕ್ಲಿಪ್, ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರಿನ ಹೊರಕವಚ, ಚಾಸಿ (ಲೋಹದ ಮೈ), ಪ್ಲಗ್ಗಿನ ದಪ್ಪ ಪಿನ್ ಎಲ್ಲವೂ ಒಂದೇ ತಂತಿ. ಕ್ಲಿಪ್ಪನ್ನು ಬಸ್ಸಿನ ಮೈನಸ್‌ಗೆ ಕಚ್ಚಿಸಿದರೆ ನೇರ ಶಾರ್ಟ್: ಕ್ಲಿಪ್ ಕರಗುತ್ತದೆ, ಡ್ರೈವೂ ಸುಡಬಹುದು. ಪಿನ್ ಕಿತ್ತರೆ ಶಾರ್ಟ್ ತಪ್ಪುತ್ತದೆ ನಿಜ, ಆದರೆ ಅದೇ 340 ವೋಲ್ಟ್ ಈಗ ಸ್ಕೋಪಿನ ಮೈಮೇಲೆ. ಸ್ಕೋಪಿಗೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ ಅರ್ಥಿಂಗ್ ಬಿಡಿಸಿದರೂ ಇದೇ ಗತಿ. ಸಾಲದ್ದಕ್ಕೆ ಆ ಚಾಸಿ ನೆಲಕ್ಕೆ ಕೆಪಾಸಿಟರಿನಂತೆ ವರ್ತಿಸಿ ಅಲೆಯ ಆಕಾರವನ್ನೂ ಕೆಡಿಸುತ್ತದೆ. ಜೀವ ಒತ್ತೆಯಿಟ್ಟು ಪಡೆದ ಅಳತೆಯೂ ಸುಳ್ಳು!

ಆದ್ದರಿಂದ ಎರಡು ಕ್ರಿಯಾಪದ ಬೇರೆಬೇರೆ ಇರಲಿ. ತಾನೇ ನೆಲಕ್ಕೆ ತಾಗದಿರುವುದು ಸರ್ಕ್ಯೂಟು, ಅದು 'ತೇಲುತ್ತದೆ'. ಅರ್ಥಿಂಗ್ ಕಿತ್ತ ಉಪಕರಣವನ್ನು ನಾವು 'ತೇಲಿಸುತ್ತೇವೆ', ಅದೇ ನಿಷಿದ್ಧ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ; ನಮಗೆ ಆ ಬಡತನವಿಲ್ಲ. ಕೆರೆಯ ಅಂತರಗಂಗೆಯ ಬೇರು ಮಣ್ಣಿಗೆ ತಾಗುವುದಿಲ್ಲ, ಚಂದದ ಹೋಲಿಕೆ. ಆದರೆ ಆ ಹೆಸರು ಹಿಡಿದು 'ಅಂತರ ಅಳತೆ' ಎಂದರೆ ದೂರ ಅಳೆಯಲು ಟೇಪು ಹಿಡಿದು ಹೊರಟಾರು.

ನನ್ನ ಸಲಹೆ 'ನೆಲಮುಟ್ಟದ ಬಿಂದುಗಳ ಅಳತೆ'. ಉದ್ದವಾಯಿತು, ಇರಲಿ. 'ಅರ್ಥ್' ಎಂದು ಬರೆದಲ್ಲಿ ಕೊನೆಯ ಅರ್ಧಾಕ್ಷರದ ಗುರುತು ತಪ್ಪಿ 'ಅರ್ಥ' ಆದೀತು, 'ಅರ್ಥಿಂಗ್' ಎಂದೇ ಬರೆಯಿರಿ. ನ್ಯೂಟ್ರಲ್ ಕಟ್ಟಾಗಿ ಮನೆಯ ಬಲ್ಬು ಸುಡುವ 'ಫ್ಲೋಟಿಂಗ್ ನ್ಯೂಟ್ರಲ್' ಬೇರೆಯೇ ದೋಷ, ಅದಕ್ಕೆ ಈ ಪದ ಬಳಸಬೇಡಿ.

ಕೈಪಿಡಿಯ ವಾಕ್ಯ ಹೀಗಿರಬಹುದು: "ನೆಲಮುಟ್ಟದ ಬಿಂದುಗಳ ಅಳತೆಗೆ ಸಾವಿರ ವೋಲ್ಟಿಗೆ ಕಡಿಮೆಯಿಲ್ಲದ, ಕ್ಯಾಟ್ III ದರ್ಜೆಯ (ಕಟ್ಟಡದ ಸ್ಥಿರ ವೈರಿಂಗ್, ಪ್ಯಾನೆಲ್‌ಗಳ ಅಳತೆಗೆ ಸುರಕ್ಷಿತವೆಂದು ಗುರುತಿಸಿದ) ಡಿಫರೆನ್ಶಿಯಲ್ ಪ್ರೋಬ್ (ಎರಡು ಬಿಂದುಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವ ಪ್ರೋಬ್) ಬಳಸಿ. ಡ್ರೈವ್ ಆಫ್ ಮಾಡಿ, ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಕಾದು, ಬಸ್ಸಿನಲ್ಲಿ ವೋಲ್ಟೇಜ್ ಇಳಿದದ್ದನ್ನು ಮೀಟರಿನಲ್ಲಿ ನೋಡಿದ ಮೇಲೆಯೇ ಪ್ರೋಬ್ ಜೋಡಿಸಿ. ಸ್ಕೋಪಿನ ಅರ್ಥಿಂಗ್ ಬಿಡಿಸಬೇಡಿ."