ಸಹಾಯ ಬೇಕು: ಹಾನ್ಲೆ ದೂರದರ್ಶಕದ ಅರ್ಜಿ ಮತ್ತು ಪೋಸ್ಟ್‌ಡಾಕ್ ಪ್ರಕಟಣೆಗಳು

ಗುಂಪಿನ ಹಿರಿಯರಿಗೂ ಸಹಸಂಶೋಧಕರಿಗೂ ನಮಸ್ಕಾರ. ಸೂಪರ್‌ನೋವಾಗಳ (ಸಿಡಿಯುವ ನಕ್ಷತ್ರಗಳ) ರೋಹಿತ, ಅಂದರೆ ಬೆಳಕಿನ ವರ್ಣಪಟಲದ, ಅಧ್ಯಯನದಲ್ಲಿ ಪಿಎಚ್‌.ಡಿ. ಮುಗಿಸುವ ಹಂತದಲ್ಲಿರುವ ನಾನು, ಲಡಾಖಿನ ಹಾನ್ಲೆಯಲ್ಲಿರುವ, ಆದರೆ ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕದ ವೀಕ್ಷಣಾ ಸಮಯಕ್ಕೆ ಮೊದಲ ಬಾರಿ ಸ್ವತಂತ್ರವಾಗಿ ಅರ್ಜಿ ಬರೆಯುತ್ತಿದ್ದೇನೆ. ನಕ್ಷತ್ರ ಯಾವ ರಾತ್ರಿ ಸಿಡಿಯುತ್ತದೆಂದು ಮೊದಲೇ ಹೇಳಲಾಗದ್ದರಿಂದ, ‘ಟಾರ್ಗೆಟ್ ಆಫ್ ಆಪರ್ಚುನಿಟಿ’ (ಅನಿರೀಕ್ಷಿತ ಘಟನೆ ಕಂಡಾಗ ಕೂಡಲೇ ವೀಕ್ಷಿಸುವ ಅವಕಾಶ) ಅಡಿಯಲ್ಲಿ ಎಷ್ಟು ಗಂಟೆ ಕೇಳುವುದು, ಯಾವ ಕಾಂತಿಮಾನದವರೆಗೆ (ಎಷ್ಟು ಮಂಕಾದ ಕಾಯಗಳವರೆಗೆ) ಹೋಗುವುದು ಎಂಬುದನ್ನು ಸಮಯ ಹಂಚುವ ಸಮಿತಿಗೆ ಒಪ್ಪುವಂತೆ ಹೇಗೆ ಸಮರ್ಥಿಸಬೇಕು? ಈಗಾಗಲೇ ಸಮಯ ಪಡೆದವರು ತಮ್ಮ ಹಳೆಯ ಅರ್ಜಿಯ ಒಂದು ಪುಟವನ್ನಾದರೂ ತೋರಿಸಿದರೆ ದೊಡ್ಡ ಉಪಕಾರವಾಗುತ್ತದೆ. ಜೊತೆಗೆ, ಐಐಎ, ಆರ್‌ಆರ್‌ಐ, ಐಯೂಕಾ, ಏರೀಸ್‌ನಂಥ ಖಗೋಳ ಸಂಶೋಧನೆ ನಡೆಸುವ ಸಂಸ್ಥೆಗಳ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ಸಂಶೋಧನಾ ಹುದ್ದೆ) ಪ್ರಕಟಣೆ ಕಣ್ಣಿಗೆ ಬಿದ್ದ ಕೂಡಲೇ ದಯವಿಟ್ಟು ಇಲ್ಲಿ ಹಾಕಿ. ಸಣ್ಣ ವಿಶ್ವವಿದ್ಯಾಲಯಗಳಲ್ಲಿರುವ ನಮ್ಮಂಥವರಿಗೆ ಅಂಥ ಸುದ್ದಿ ಹಲವು ಸಲ ಕೊನೆಯ ದಿನಾಂಕ ಕಳೆದ ಮೇಲೆಯೇ ತಲುಪುತ್ತದೆ.