ಗಾಲೆ ಕೋಟೆಗೆ ಒಂದು ದಿನ ಸಾಕಾ? ಊಟ ಹೇಗೆ?

ಹಾಸನದ ಹುಡುಗ:
ಡಿಸೆಂಬರಲ್ಲಿ ಅಪ್ಪ ಅಮ್ಮನ ಜೊತೆ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಗಾಲೆ ಕೋಟೆಗೆ ಒಂದು ದಿನ ಸಾಕಾ? ಅಮ್ಮ ಮೀನು ಮಾಂಸ ಮುಟ್ಟಲ್ಲ. ಸುಮ್ನೆ ಬ್ರೆಡ್ಡು ಬಾಳೆಹಣ್ಣಲ್ಲೇ ದಿನ ತಳ್ಳಬೇಕಾಗುತ್ತಾ?

ಮೂಡಿಗೆರೆ ಕಾಫಿ:
ಸಾಕು, ಆದರೆ ರಾತ್ರಿ ಕೋಟೆಯೊಳಗೇ ಉಳಿಯಿರಿ. 1588ರಲ್ಲಿ ಪೋರ್ಚುಗೀಸರು ಕಟ್ಟಿದ್ದನ್ನು 1640ರಲ್ಲಿ ಡಚ್ಚರು ಕಿತ್ತುಕೊಂಡು ಇನ್ನೂ ದೊಡ್ಡದು ಮಾಡಿದರು, ಆಮೇಲೆ ಇಂಗ್ಲಿಷರು ಬಂದರು, ಈಗಲೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಅದೇ ಮಜಾ. ಸಂಜೆ ಗೋಡೆ ಮೇಲೆ ನಡೆಯಿರಿ.
ಇಡಿಯಪ್ಪ ನಮ್ಮ ಒತ್ತು ಶಾವಿಗೆಯೇ. ಜೊತೆಗೆ ಕೊಡುವ ಪೋಲ್ ಸಂಬೋಲ ನೋಡಲು ಕಾಯಿ ಚಟ್ನಿ ಥರ, ಆದರೆ ಅದಕ್ಕೆ ಒಣಮೀನಿನ ಚೂರು ಹಾಕುವುದೇ ಜಾಸ್ತಿ. ನನಗೆ ಎರಡು ಸಲ ಹಾಕಿಸಿಕೊಂಡ ಮೇಲೆ ಗೊತ್ತಾಯಿತು! ಬೇಳೆ ಸಾರಿಗೂ ಕೇಳಿಯೇ ಕೈ ಹಾಕಿ.

ಸಕಲೇಶಪುರದವನು:
ಕೊಲಂಬೊದಿಂದ ರೈಲಲ್ಲಿ ಹೋಗಿ, ಬಲಗಡೆ ಕಿಟಕಿ ಹಿಡಿಯಿರಿ, ಪಕ್ಕದಲ್ಲೇ ಸಮುದ್ರ. ಅಂದಹಾಗೆ ನಮ್ಮ ಮಂಜರಾಬಾದ್ ನೋಡಿದ್ದೀರಾ? ಟಿಪ್ಪು ಕಟ್ಟಿಸಿದ ನಕ್ಷತ್ರ ಕೋಟೆ, ಎಂಟು ಮೂಲೆ, ಅದೂ ಯುರೋಪಿನ ಮಾದರಿಯದ್ದೇ ಅಲ್ವಾ.

ಹಾಸನದ ಹುಡುಗ:
ಇಲ್ಲ ಮಾರಾಯ್ರೇ, ಸ್ಕೂಲ್ ಟ್ರಿಪ್ ದಿನವೇ ಜ್ವರ ಬಂದಿತ್ತು. ಈ ಭಾನುವಾರ ಹೋಗ್ತೀನಿ.