1953ರ ಮೊಂಕಾಡಾ ದಾಳಿ: ಸೋತ ದಿನಕ್ಕೆ ಹಬ್ಬ ಯಾಕೆ?

ಕಾಫಿಪುಡಿ:
ಒಂದು ಡೌಟು. ಕ್ಯೂಬಾದಲ್ಲಿ ಜುಲೈ 26 ಅಂದರೆ ದೊಡ್ಡ ರಾಷ್ಟ್ರೀಯ ಹಬ್ಬ, ರಜೆ. 1953ರಲ್ಲಿ ಅವತ್ತು ಫಿಡೆಲ್ ಕ್ಯಾಸ್ಟ್ರೊ ಕಡೆಯವರು ಸಾಂಟಿಯಾಗೊ ಊರಿನ ಮೊಂಕಾಡಾ ಬ್ಯಾರಕ್ ಮೇಲೆ ದಾಳಿ ಮಾಡಿದ್ದರು. ಆದರೆ ಓದುತ್ತಾ ಹೋದರೆ ಅದು ಶುರುವಿನಲ್ಲೇ ಮುಗ್ಗರಿಸಿದ ದಾಳಿ! ಸೋತ ದಿನವನ್ನು ಯಾರಾದರೂ ಹಬ್ಬ ಮಾಡುತ್ತಾರಾ? 160 ಜನರನ್ನು ಕಟ್ಟಿಕೊಂಡು ದೇಶದ ಎರಡನೇ ದೊಡ್ಡ ಸೇನಾ ನೆಲೆಗೆ ನುಗ್ಗುವುದು ಧೈರ್ಯವಾ, ಹುಚ್ಚಾ? ತಿಳಿದವರು ಹೇಳಿ. ಸುಮ್ನೆ ಕ್ರಾಂತಿ ಜಿಂದಾಬಾದ್ ಅಂತ ಬರೆದು ಹೋಗಬೇಡಿ.

ನಕಾಶೆಹುಚ್ಚ:
ಪ್ಲಾನು ಪೂರ್ತಿ ಹುಚ್ಚೇನಲ್ಲ. 1952ರ ಮಾರ್ಚ್ 10ಕ್ಕೆ ಮಾಜಿ ಅಧ್ಯಕ್ಷ ಬಟಿಸ್ಟಾ ಸೇನೆ ಕಟ್ಟಿಕೊಂಡು ಅಧಿಕಾರ ಕಿತ್ತುಕೊಂಡ, ಚುನಾವಣೆ ರದ್ದಾಯಿತು. ಆ ಚುನಾವಣೆಗೆ ನಿಂತಿದ್ದ ಹುಡುಗ ಲಾಯರ್ ಈ ಫಿಡೆಲ್. ವಯಸ್ಸು 26. ಬ್ಯಾರಕ್ ಹಿಡಿದು, ಅಲ್ಲಿನ ಬಂದೂಕು ಜನರಿಗೆ ಹಂಚಿ, ರೇಡಿಯೋದಲ್ಲಿ ಕರೆ ಕೊಟ್ಟರೆ ಊರೇ ಎದ್ದು ನಿಲ್ಲುತ್ತದೆ ಅನ್ನುವುದು ಲೆಕ್ಕ. ಊರ ಹೊರಗೆ ಸಿಬೊನೆಯಲ್ಲಿ ಕೋಳಿ ಸಾಕುತ್ತೇವೆ ಅಂತ ಹೇಳಿ ಒಂದು ತೋಟ ಬಾಡಿಗೆಗೆ ಹಿಡಿದರು, ಬಂದೂಕುಗಳನ್ನು ಬಾವಿಯಲ್ಲಿ ಬಚ್ಚಿಟ್ಟರು. ಬಂದೂಕು ಅಂದರೂ ಹೆಚ್ಚಿನವು .22 ರೈಫಲ್ಲು, ಬೇಟೆಯ ಕೋವಿ, ಅಷ್ಟೇ.

ದಿನ ಆರಿಸಿದ್ದು ಜಾಣತನ. ಜುಲೈ 25ರ ರಾತ್ರಿ ಸಾಂಟಿಯಾಗೊದಲ್ಲಿ ಕಾರ್ನಿವಲ್. ಮೈಸೂರು ದಸರಾ ರಾತ್ರಿ ಹೊರಗಿನ ಕಾರುಗಳನ್ನು ಯಾರು ಲೆಕ್ಕ ಇಡುತ್ತಾರೆ, ಹಾಗೆ. ಸೈನಿಕರೂ ಕುಡಿದು ಮಲಗಿರುತ್ತಾರೆ. ಎಲ್ಲರೂ ಸಾರ್ಜೆಂಟ್ ಯೂನಿಫಾರ್ಮ್ ಹಾಕಿಕೊಂಡು ಬೆಳಗಿನ ಜಾವ ಕಾರುಗಳ ಸಾಲಿನಲ್ಲಿ ಹೊರಟರು. ಮೊದಲ ಕಾರಿನವರು 3ನೇ ಗೇಟಿನ ಕಾವಲುಗಾರರನ್ನು ಹಿಡಿದು ಸರಪಳಿಯನ್ನೂ ತೆಗೆದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಅದೇ ಕಾರ್ನಿವಲ್ ಅಂತ ಸೇನೆಯವರು ಹೊರಗಡೆ ಒಂದು ಗಸ್ತು ಹಾಕಿದ್ದರು. ಅದು ಎರಡನೇ ಕಾರಿನಲ್ಲಿದ್ದ ಫಿಡೆಲ್ ಕಣ್ಣಿಗೆ ಬಿತ್ತು. ಅವನು ಕಾರನ್ನು ಅವರ ಕಡೆ ತಿರುಗಿಸಿದ, ಕಾರು ನಿಂತುಹೋಯಿತು. ಹಿಂದಿನ ಕಾರಿನವರು ಒಳಗೆ ಬಂದುಬಿಟ್ಟೆವು ಅಂದುಕೊಂಡು ಕೆಳಗಿಳಿದು ಗುಂಡು ಹಾರಿಸಲು ಶುರು ಮಾಡಿದರು. ಅಲಾರಂ ಹೊಡೆಯಿತು, ಮುಗೀತು ಕತೆ. ನನಗೆ ಇನ್ನೂ ನಂಬಲಾಗದ ಮಾತು ಅಂದರೆ, ಚೆನ್ನಾದ ಬಂದೂಕು ಇದ್ದ ಗುಂಪು ಊರಿನ ಬೀದಿಗಳಲ್ಲಿ ದಾರಿ ತಪ್ಪಿ ಬ್ಯಾರಕ್ಕಿಗೆ ಬಂದೇ ಇಲ್ಲ. ಹುಡುಗರಲ್ಲಿ ಹೆಚ್ಚಿನವರು ಹವಾನಾ, ಆರ್ಟೆಮಿಸಾ ಕಡೆಯವರು, ಊರು ಗೊತ್ತಿರಲಿಲ್ಲ. ಬಯಾಮೊ ಊರಿನ ಬ್ಯಾರಕ್ ಮೇಲೆ ಅದೇ ಹೊತ್ತಿಗೆ ಮಾಡಿದ ದಾಳಿಯೂ ಕೈ ಕೊಟ್ಟಿತು.

ಹಳೇಪೇಪರ್:
ದಾಳಿ ಹೇಗಾಯಿತು ಅಂತ ಮೇಲಿನವರು ಹೇಳಿದ್ದಾರೆ. ಹಬ್ಬಕ್ಕೆ ಕಾರಣ ಆಮೇಲೆ ಆಗಿದ್ದು. ಗುಂಡಿನ ಚಕಮಕಿಯಲ್ಲಿ ಸತ್ತ ದಾಳಿಕೋರರು ಹತ್ತಕ್ಕಿಂತ ಕಡಿಮೆ. ಹಿಡಿದ ಮೇಲೆ ಹಿಂಸೆ ಕೊಟ್ಟು ಕೊಂದದ್ದು 50ಕ್ಕೂ ಜಾಸ್ತಿ! ಪಕ್ಕದ ಸಿವಿಲ್ ಆಸ್ಪತ್ರೆಯನ್ನು ಹಿಡಿದಿದ್ದ ಆಬೆಲ್ ಸಾಂಟಾಮರಿಯಾ ಗುಂಪಿನ ಗಂಡಸರು ಹೆಚ್ಚುಕಮ್ಮಿ ಎಲ್ಲರೂ ಹೋದರು. ಆಬೆಲ್ ಅಕ್ಕ ಆಯ್ದೆ, ಮೆಲ್ಬಾ ಎರ್ನಾಂಡೆಸ್, ಇವರಿಬ್ಬರು ಉಳಿದರು. ಸೇನೆಯವರು ಎಲ್ಲರೂ ಕಾದಾಟದಲ್ಲಿ ಸತ್ತರು ಅಂತ ಹೇಳಿದರು. ಆದರೆ ಹೆಣಗಳ ಫೋಟೋ ರೀಲನ್ನು ಮಾರ್ತಾ ರೋಹಾಸ್ ಅನ್ನುವ ಹುಡುಗಿ ವರದಿಗಾರ್ತಿ ಬಚ್ಚಿಟ್ಟುಕೊಂಡು ಹವಾನಾಕ್ಕೆ ಒಯ್ದಳು, ಬೊಹೆಮಿಯಾ ಪತ್ರಿಕೆಯಲ್ಲಿ ಬಂತು. ಸಾಂಟಿಯಾಗೊದ ಆರ್ಚ್‌ಬಿಷಪ್ಪೇ ಉಳಿದವರ ಜೀವ ಉಳಿಸಲು ನಡುವೆ ಬಂದರು. ಅಕ್ಟೋಬರ್ 16ಕ್ಕೆ ಫಿಡೆಲ್ ಕೋರ್ಟಿನಲ್ಲಿ ತನ್ನ ಪರ ತಾನೇ ವಾದಿಸಿ, ಆರೋಪವನ್ನು ಸರ್ಕಾರದ ಮೇಲೇ ತಿರುಗಿಸಿದ. 15 ವರ್ಷ ಶಿಕ್ಷೆ ಆಯಿತು, 1955ರ ಮೇನಲ್ಲಿ ಕ್ಷಮಾದಾನ ಸಿಕ್ಕಿತು. ಬಟಿಸ್ಟಾ ಮಾಡಿಕೊಂಡ ಎಡವಟ್ಟು ಅದು. ಹೊರಬಂದವರು ಕಟ್ಟಿದ ಸಂಘಟನೆಗೆ ಇಟ್ಟ ಹೆಸರೇ ಜುಲೈ 26 ಚಳವಳಿ.

ಬಿಸಿಲೂರು:
ಸ್ವಾಮಿ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ. 1959ರಲ್ಲಿ ಫಿಡೆಲ್ ಕಡೆಯವರು ಬಟಿಸ್ಟಾನನ್ನು ಓಡಿಸಿ ಗೆದ್ದಿದ್ದಕ್ಕೆ ಇದು ಹಬ್ಬ. ಗೆಲ್ಲದೇ ಇದ್ದಿದ್ದರೆ ಲಾಯರೊಬ್ಬ ದಾರಿ ಗೊತ್ತಿಲ್ಲದ ಹುಡುಗರನ್ನು ಕರೆದುಕೊಂಡು ಹೋಗಿ ಕೊಲ್ಲಿಸಿದ ಅಂತ ಬರೆಯುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆ ಅಂತಲೇ ಹೆಚ್ಚಿನವರಿಗೆ ಗೊತ್ತಾಗಿದ್ದು ಹಿಂದಿನ ರಾತ್ರಿ! ಸೇನೆ, ಪೊಲೀಸ್ ಕಡೆಯೂ ಸುಮಾರು 20 ಜನ ಸತ್ತಿದ್ದಾರೆ, ಅವರ ಮನೆಯಲ್ಲಿ ಜುಲೈ 26 ಏನು ದಿನ? ನಮ್ಮ ಪಕ್ಕದ ಶ್ರೀಲಂಕಾ ನೋಡಿ. 2007ರ ಅಕ್ಟೋಬರ್ 22ಕ್ಕೆ 21 ಕಪ್ಪು ಹುಲಿಗಳು (ಎಲ್‌ಟಿಟಿಇಯ ಆತ್ಮಾಹುತಿ ದಳದವರು) ಅನುರಾಧಪುರದ ವಾಯುನೆಲೆಗೆ ನುಗ್ಗಿ ಎಷ್ಟೋ ವಿಮಾನಗಳನ್ನು ಹಾಳುಮಾಡಿದರು. ದಾಳಿ ಅಂತ ನೋಡಿದರೆ ಮೊಂಕಾಡಾಗಿಂತ ಹತ್ತು ಪಾಲು ಚೊಕ್ಕ. 2009ರ ಮೇನಲ್ಲಿ ಎಲ್‌ಟಿಟಿಇ ಕತೆಯೇ ಮುಗಿಯಿತು.

ಹಳೇಪೇಪರ್:
ಒಪ್ಪಿದೆ. ಆದರೂ ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಹತ್ತಿರ ಅಲ್ವಾ? ಅಲ್ಲಿ ದಾಳಿ ಗೆದ್ದಿತು, ಉಪಯೋಗಕ್ಕೆ ಬರಲಿಲ್ಲ.

ಕಾಫಿಪುಡಿ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು. ಸಿಕ್ಕವರನ್ನೆಲ್ಲ ಕೊಲ್ಲುತ್ತಿದ್ದರೆ ಫಿಡೆಲ್ ಹೇಗೆ ಉಳಿದ?

ನಕಾಶೆಹುಚ್ಚ:
ಆಗಸ್ಟ್ 1ಕ್ಕೆ ಬೆಟ್ಟದ ಬುಡದ ಗುಡಿಸಲಿನಲ್ಲಿ ಮಲಗಿದ್ದಾಗ ಸಿಕ್ಕಿಬಿದ್ದ. ಹಿಡಿದ ತುಕಡಿಯ ಲೆಫ್ಟಿನೆಂಟ್ ಪೆದ್ರೊ ಸಾರಿಯಾ ತನ್ನ ಸೈನಿಕರಿಗೆ ಗುಂಡು ಹಾರಿಸಬೇಡಿ, ವಿಚಾರಗಳನ್ನು ಕೊಲ್ಲಲಾಗುವುದಿಲ್ಲ ಅಂದನಂತೆ. ದಾರಿಯಲ್ಲಿ ಮೇಲಧಿಕಾರಿ ಬಂದು ಕೈದಿಯನ್ನು ನನಗೆ ಒಪ್ಪಿಸು ಅಂದ, ಸಾರಿಯಾ ಕೊಡಲಿಲ್ಲ. ಲಾರಿಯಲ್ಲಿ ಡ್ರೈವರಿಗೂ ತನಗೂ ನಡುವೆ ಕೂರಿಸಿಕೊಂಡು, ಮೊಂಕಾಡಾಗೆ ಒಯ್ಯದೆ ಊರಿನ ಜೈಲಿಗೆ ತಂದು ಬಿಟ್ಟ. ಬ್ಯಾರಕ್ಕಿಗೆ ಒಯ್ದಿದ್ದರೆ ಆಯಿತು, ನಾವ್ಯಾರೂ ಇಲ್ಲಿ ಈ ವಿಷಯ ಮಾತಾಡುತ್ತಿರಲಿಲ್ಲ.

ಅಂದಹಾಗೆ ಆ ಬ್ಯಾರಕ್ ಈಗ ಶಾಲೆ ಮತ್ತು ಮ್ಯೂಸಿಯಂ. ಗೋಡೆಯ ಗುಂಡಿನ ತೂತುಗಳನ್ನು ನೋಡಲು ಜನ ಹೋಗುತ್ತಾರೆ. ಅಸಲಿ ತೂತುಗಳನ್ನು ಬಟಿಸ್ಟಾ ಸೇನೆಯೇ ಗಾರೆ ಹಚ್ಚಿ ಮುಚ್ಚಿತ್ತು. ಈಗಿರುವವು ಕ್ರಾಂತಿಯ ನಂತರ ಮತ್ತೆ ಮಾಡಿಸಿದ್ದು.